ಬೀಳಿಸುವ ಮೊದಲು ನಿಲ್ಲುವುದನ್ನು ಕಲಿಯಿರಿ

ಮಕ್ಕಳೇ, ಮೈಸೂರು ದಸರಾ ಕುಸ್ತಿ ನೋಡಿದ್ದೀರಾ? ಪೈಲ್ವಾನರು ತಲೆಗೆ ತಲೆ ಕೊಟ್ಟು ಎಷ್ಟೋ ಹೊತ್ತು ಸುತ್ತುತ್ತಲೇ ಇರುತ್ತಾರೆ. ‘ಇನ್ನೂ ಏನೂ ಆಗಲಿಲ್ಲವಲ್ಲ’ ಎಂದು ನಮಗೆ ಬೇಸರ. ನಿಜವಾದ ಕುಸ್ತಿ ನಡೆಯುತ್ತಿರುವುದು ಆಗಲೇ!

ಗರಡಿ ಮನೆಯ ಕೆಮ್ಮಣ್ಣಿನಲ್ಲಿ ಉಸ್ತಾದರು ನನಗೆ ಮೊದಲು ಕಲಿಸಿದ್ದು ಎತ್ತಿ ಎಸೆಯುವ ಪಟ್ಟನ್ನಲ್ಲ. ಎದುರಾಳಿಯ ಉಸಿರು ಮುಖಕ್ಕೆ ತಾಗುವಷ್ಟು ಹತ್ತಿರದಲ್ಲಿ ಗಾಬರಿಯಾಗದೆ ನಿಲ್ಲುವುದನ್ನು.

ನಿಲುವು ಹೀಗೆ: ಕಾಲುಗಳ ನಡುವೆ ಹೆಗಲಗಲದ ಅಂತರ, ಒಂದು ಪಾದ ತುಸು ಮುಂದೆ. ಮೊಣಕಾಲು ಬಾಗಿರಲಿ, ತಲೆ ತಗ್ಗದಿರಲಿ. ಬಲಗೈ ಎದುರಾಳಿಯ ಹಿಂಗತ್ತಿನ ಮೇಲೆ, ಎಡಗೈ ಅವನ ಮೊಣಕೈ ಬಳಿ. ನಿಮ್ಮ ಮೊಣಕೈಗಳು ಪಕ್ಕೆಗೆ ಹತ್ತಿರವೇ ಇರಬೇಕು. ದೂರ ಹೋದರೆ ಅವನ ಕೈ ನಿಮ್ಮ ಕಂಕುಳಡಿ ನುಗ್ಗುತ್ತದೆ. ಕಂಕುಳಡಿ ಕೈ ಹಾಕಿದವನದೇ ಮೇಲುಗೈ.

ಹಿಂಗತ್ತೇ ಏಕೆ? ಮೂಗುದಾರ ಹಿಡಿದರೆ ಅಷ್ಟು ದೊಡ್ಡ ಎತ್ತೂ ತಿರುಗುತ್ತದಲ್ಲ, ಹಾಗೆ. ತಲೆ ತಿರುಗಿದ ಕಡೆಗೇ ಮೈ ತಿರುಗುತ್ತದೆ. ಅವನು ನೂಕಿದರೆ ನೀವೂ ನೂಕಬೇಡಿ. ಪಕ್ಕಕ್ಕೆ ಒಂದು ಹೆಜ್ಜೆ ಸರಿದು, ಅವನ ವೇಗದಲ್ಲೇ ಅವನನ್ನು ತಿರುಗಿಸಿ. ಆದರೆ ಕಾಲಿಗೆ ಕಾಲು ಅಡ್ಡ ಬಂದರೆ ಬೀಳುವವರು ನೀವೇ.

ಏಳನೇ ತರಗತಿಯ ನನ್ನ ಮೊಮ್ಮಗಳು ಯಾರಾದರೂ ತೋಳು ಹಿಡಿದೆಳೆದರೆ ಕಣ್ಣು ಮುಚ್ಚಿ ಕಲ್ಲಾಗಿಬಿಡುತ್ತಿದ್ದಳು. ಕುಸ್ತಿಗೆ ಸೇರುತ್ತೇನೆ ಎಂದಾಗ ಅವಳಜ್ಜಿ, ‘ಹೆಣ್ಣುಮಗೂಗೆ ಇದೆಲ್ಲ ಯಾಕ್ರೀ?’ ಎಂದಳು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಸಾಕ್ಷಿ ಮಲಿಕ್ ಕುಸ್ತಿಯಲ್ಲಿ ಕಂಚು ಗೆದ್ದದ್ದನ್ನು ನೆನಪಿಸಿದೆ. ಒಂದು ತಿಂಗಳು ಅವಳು ಕಲಿತದ್ದು ಈ ನಿಲುವು, ಈ ಹಿಡಿತ ಎರಡೇ. ಇನ್ನೂ ಯಾರನ್ನೂ ಬೀಳಿಸಿಲ್ಲ. ಆದರೆ ಈಗ ಕಣ್ಣು ತೆರೆದೇ ಇರುತ್ತದೆ. ‘ತಾತ, ಅವರು ಯಾವ ಕಡೆ ನೂಕ್ತಾರೆ ಅಂತ ಕೈಗೇ ಗೊತ್ತಾಗುತ್ತೆ’ ಎನ್ನುತ್ತಾಳೆ. ಅದನ್ನು ಕೇಳಿದ ಮೇಲೆ ಅಜ್ಜಿಯೇ ಅವಳ ಉಗುರು ಕತ್ತರಿಸಿ ಕಳಿಸುತ್ತಾಳೆ.

ಅಜ್ಜ-ಅಜ್ಜಿಯರೇ, ಮಕ್ಕಳನ್ನು ಕಳಿಸುವ ಮುನ್ನ ಇಷ್ಟು ನೋಡಿ: ಕಲಿಸುವವರು ಎದುರಿಗಿರಬೇಕು, ಜೋಡಿ ಸಮತೂಕದ್ದಾಗಿರಬೇಕು, ಕೆಳಗೆ ಮೆತ್ತನೆಯ ಮಣ್ಣು ಅಥವಾ ಮ್ಯಾಟ್ ಇರಬೇಕು. ಬಳೆ, ಉಂಗುರ ಬೇಡ. ಗಂಟಲು ಒತ್ತುವುದು, ಬೆರಳು ತಿರುಚುವುದು, ಕೂದಲು ಎಳೆಯುವುದು ಕೂಡದು. ‘ಸಾಕು’ ಎಂದ ತಕ್ಷಣ ಕೈ ಬಿಡಬೇಕು.

ಮಕ್ಕಳಿಗೊಂದು ಆಟ: ಮ್ಯಾಟ್ ಮೇಲೆ ವೃತ್ತ ಬರೆದು, ಹೇಳಿದ ಹಾಗೆ ಹಿಡಿದು ನಿಲ್ಲಿ. ಕಾಲು ಹಿಡಿಯುವಂತಿಲ್ಲ, ಬೀಳಿಸುವಂತಿಲ್ಲ. ಒಂದು ನಿಮಿಷದಲ್ಲಿ ವೃತ್ತದಾಚೆ ಕಾಲಿಟ್ಟವರು ಸೋತಂತೆ. ಫ್ರೀಸ್ಟೈಲ್ ಕುಸ್ತಿಯಲ್ಲೂ ಎದುರಾಳಿಯನ್ನು ಗೆರೆಯಾಚೆ ದಾಟಿಸಿದರೆ ಒಂದು ಅಂಕ ಸಿಗುತ್ತದೆ. ಆಟ ಮುಗಿದ ಮೇಲೆ ಕೈ ಕುಲುಕುವುದನ್ನು ಮಾತ್ರ ಮರೆಯಬೇಡಿ.