ಸರಕಾರಿ ಮನೆ: ಅರ್ಜಿಗೆ ಮೊದಲು ನಮ್ಮ ಲೆಕ್ಕ

'ಪಂಚಾಯತಿಗೆ ಮನೆ ಬಂದಿದೆಯಂತೆ.' ವರ್ಷಕ್ಕೊಮ್ಮೆಯಾದರೂ ಊರಲ್ಲಿ ಈ ಸುದ್ದಿ ಏಳುತ್ತದೆ. ಯಾರಿಗೆ, ಎಷ್ಟು, ಯಾವಾಗ ಎಂದು ಕೇಳಿದರೆ ಹತ್ತು ಜನ ಹತ್ತು ರೀತಿ ಹೇಳುತ್ತಾರೆ. ಕೆಲವರು ಆರ್‌ಟಿಸಿ, ರೇಷನ್ ಕಾರ್ಡು ಹಿಡಿದುಕೊಂಡು ಓಡುತ್ತಾರೆ. ಕೆಲವರು 'ಅದೆಲ್ಲ ನಮಗೆ ಸಿಗ್ಲಿಕ್ಕಿಲ್ಲ' ಎಂದು ಸುಮ್ಮನಿರುತ್ತಾರೆ.

ನಾನು ಒಂದೂಕಾಲು ಎಕ್ರೆಯ ಅಡಿಕೆ ಕೃಷಿಕ. ನೆರೆಕರೆಯ ಮೂರು ಮನೆಯವರ ಕಾಗದಪತ್ರಕ್ಕೆ ಜತೆಯಾಗಿ ಪಂಚಾಯತ್ ಮೆಟ್ಟಿಲು ಹತ್ತಿದವ. ನಿಯಮದ ಪುಸ್ತಕ ತಂದು ಓದಿದ್ದೇನೆ. ನಮ್ಮಂಥ ಚಿಕ್ಕ ಕೃಷಿಕರಿಗೆ ಗೊತ್ತಿರಬೇಕಾದಷ್ಟನ್ನು ಇಲ್ಲಿ ಬರೆಯುತ್ತೇನೆ.

ಯಾವ ಯೋಜನೆ, ಯಾರಿಗೆ?

ಎಲ್ಲಕ್ಕೂ ನಾವು 'ಆಶ್ರಯ ಮನೆ' ಎನ್ನುತ್ತೇವೆ. ಆ ಹೆಸರಿನ ರಾಜ್ಯ ಯೋಜನೆ ಬಂದದ್ದು 1991–92ರಲ್ಲಿ. ಕೇಂದ್ರದ ಇಂದಿರಾ ಆವಾಸ್ 1985ರಲ್ಲಿ ಶುರುವಾದದ್ದು. 2016ರಲ್ಲಿ ಅದರ ಜಾಗಕ್ಕೆ ಪ್ರಧಾನಮಂತ್ರಿ ಆವಾಸ್ ಯೋಜನೆ (ಗ್ರಾಮೀಣ) ಬಂತು. 2024ರಲ್ಲಿ ಇದನ್ನು 2028–29ರ ತನಕ ಮುಂದುವರಿಸುವ ತೀರ್ಮಾನವಾಗಿದೆ.

ರಾಜ್ಯದ ಯೋಜನೆಗಳಲ್ಲಿ ಮುಖ್ಯವಾದವು ಮೂರು. ಸಾಮಾನ್ಯ ವರ್ಗದ ವಸತಿರಹಿತರಿಗೆ ಬಸವ ವಸತಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಡಾ. ಬಿ. ಆರ್. ಅಂಬೇಡ್ಕರ್ ನಿವಾಸ್. ವಿಧವೆಯರು, ಅಂಗವಿಕಲರು, ಅಲೆಮಾರಿಗಳು ಮುಂತಾದವರಿಗೆ ದೇವರಾಜ ಅರಸು ವಸತಿ. ಇವನ್ನು ನೋಡಿಕೊಳ್ಳುವುದು 2000ದಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ. ಕೊರಗ, ಜೇನುಕುರುಬ ಕುಟುಂಬಗಳಿಗೆ 2023ರಲ್ಲಿ ಬಂದ ಪಿಎಂ ಜನಮನ್‌ನಲ್ಲಿ ಮನೆಗೆ 2 ಲಕ್ಷದ ನೆರವು ಉಂಟು. ಇಂಥವರು ನಿಮ್ಮ ನೆರೆಯಲ್ಲಿದ್ದರೆ ದಯವಿಟ್ಟು ತಿಳಿಸಿ.

ಅರ್ಜಿ ಕೊಡುವಾಗ ಯಾವ ಯೋಜನೆಗೆ ಎಂದು ಕೇಳಿಕೊಳ್ಳಿ. ಒಂದರ ನಿಯಮ ಇನ್ನೊಂದಕ್ಕಿಲ್ಲ. ಒಂದರಲ್ಲಿ ಹೆಸರು ಬಿಟ್ಟುಹೋಯಿತೆಂದು ಇನ್ನೊಂದನ್ನು ಕೇಳದೆ ಕೂರಬಾರದು.

ಜರಡಿಯಲ್ಲಿ ಉಳಿಯುವವರು ಯಾರು?

ಕೇಂದ್ರದ ಯೋಜನೆಯಲ್ಲಿ 'ನಾನು ಬಡವ' ಎಂದರೆ ಸಾಲದು. ಮನೆಯೇ ಇರಬಾರದು, ಇಲ್ಲವೇ ಎರಡು ಕೋಣೆಯೊಳಗಿನ ಕಚ್ಚಾ ಮನೆಯಾಗಿರಬೇಕು. ಗೋಡೆಯೂ ಕಚ್ಚಾ, ಮಾಡೂ ಕಚ್ಚಾ. ನಮ್ಮ ಕಡೆಯವರಿಗೆ ಪೆಟ್ಟು ಬೀಳುವುದು ಇಲ್ಲಿ. 2011ರ ಗಣತಿಯ ಲೆಕ್ಕದಲ್ಲಿ ಸೋಗೆ, ಮುಳಿಹುಲ್ಲು, ಪ್ಲಾಸ್ಟಿಕ್ಕು, ಕೈಯಲ್ಲಿ ಮಾಡಿದ ನಾಡಹಂಚು ಕಚ್ಚಾ. ಯಂತ್ರದಲ್ಲಿ ಒತ್ತಿದ ಹಂಚು, ಎಂದರೆ ನಮ್ಮ ಮಂಗಳೂರು ಹಂಚು, ಪಕ್ಕಾ. ಮಣ್ಣಿನ ಗೋಡೆ ಬಿರಿದು ನಿಂತಿದ್ದರೂ ಮೇಲೆ ಮಂಗಳೂರು ಹಂಚು ಇದ್ದರೆ ಆ ಮನೆ ಪಟ್ಟಿಗೆ ಬರುವುದು ಕಷ್ಟ.

ಎರಡನೆಯದು ಹೊರಗಿಡುವ ನಿಯಮಗಳು. ಮೊದಲು ಹದಿಮೂರಿದ್ದವು. 2024ರಲ್ಲಿ ಹತ್ತಕ್ಕೆ ಇಳಿಸಿದರು. ಬೈಕು, ಫ್ರಿಜ್ಜು ಈಗ ಅಡ್ಡಿಯಲ್ಲ. ಉಳಿದವುಗಳಲ್ಲಿ ಕೃಷಿಕರಿಗೆ ತಾಗುವಂಥವು ಇವು:

• ಮೂರು ಅಥವಾ ನಾಲ್ಕು ಚಕ್ರದ ಮೋಟಾರು ವಾಹನ, ಅಂಥದೇ ಕೃಷಿಯಂತ್ರ
• ಎರಡೂವರೆ ಎಕ್ರೆ ಅಥವಾ ಹೆಚ್ಚು ನೀರಾವರಿ ಭೂಮಿ, ಐದೆಕ್ರೆ ಅಥವಾ ಹೆಚ್ಚು ಖುಷ್ಕಿ ಭೂಮಿ
• ಮನೆಯಲ್ಲಿ ಯಾರಿಗಾದರೂ ತಿಂಗಳಿಗೆ 15 ಸಾವಿರಕ್ಕಿಂತ ಹೆಚ್ಚು ಆದಾಯ, ಅಥವಾ ಸರಕಾರಿ ಕೆಲಸ
• ಆದಾಯ ತೆರಿಗೆ, ವೃತ್ತಿ ತೆರಿಗೆ ಕಟ್ಟುವುದು
• 50 ಸಾವಿರ ಅಥವಾ ಹೆಚ್ಚು ಮಿತಿಯ ಕಿಸಾನ್ ಕ್ರೆಡಿಟ್ ಕಾರ್ಡು

ಕೊನೆಯದನ್ನು ಮತ್ತೊಮ್ಮೆ ಓದಿ. ನೀವು ತೆಗೆದ ಸಾಲ ಎಷ್ಟು ಎಂದಲ್ಲ, ಕಾರ್ಡಿನ ಮಿತಿ ಎಷ್ಟು ಎಂಬ ಪ್ರಶ್ನೆ. ಅಡಿಕೆ ತೋಟ ಇದ್ದವರಿಗೆ ಎಕ್ರೆ ಒಂದೇ ಇದ್ದರೂ ಆ ಮಿತಿ ದಾಟುವುದು ಸುಲಭ. ನಮ್ಮ ನೆರೆಯ ಒಬ್ಬರ ಹೆಸರು ಹೋದದ್ದು ಇದೇ ಕಾರಣಕ್ಕೆ. ಸೋಗೆ ಮಾಡು, ಮಣ್ಣಿನ ಗೋಡೆ, ಎಲ್ಲ ಸರಿ ಇತ್ತು. ಸೊಸೈಟಿಯ ಬೆಳೆಸಾಲ ಅಡ್ಡ ಬಂತು.

ಕಾರ್ಡು ಬಿಡಬೇಕೆ?

'ಕಾರ್ಡು ರದ್ದು ಮಾಡಿಸಿದರೆ ಮನೆ ಸಿಗ್ತದಲ್ಲ?' ಎಂದು ಅವರು ಕೇಳಿದರು. ನಾವು ಕೂತು ಲೆಕ್ಕ ಹಾಕಿದೆವು.

ಕರ್ನಾಟಕದಲ್ಲಿ ಸೊಸೈಟಿಯ ಬೆಳೆಸಾಲ ಸರಿಯಾಗಿ ಕಟ್ಟಿದವರಿಗೆ ಬಡ್ಡಿಯಿಲ್ಲ. 2023ರಲ್ಲಿ ಇದರ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಅವರ ಸಾಲ 1 ಲಕ್ಷ. ಕಾರ್ಡು ಬಿಟ್ಟು ಅದೇ ಹಣವನ್ನು ಹೊರಗೆ ನೂರಕ್ಕೆ 12ರ ಬಡ್ಡಿಗೆ ತಂದರೆ ವರ್ಷಕ್ಕೆ 12 ಸಾವಿರ. ಹತ್ತು ವರ್ಷಕ್ಕೆ 1 ಲಕ್ಷ 20 ಸಾವಿರ. ಮನೆಗೆ ಸಿಗುವ ನೆರವೂ ಅಷ್ಟೇ! ಈ ಕೈಯಲ್ಲಿ ತೆಗೆದುಕೊಂಡದ್ದನ್ನು ಆ ಕೈಯಲ್ಲಿ ಕೊಟ್ಟ ಹಾಗೆ. ಕಾರ್ಡು ಬಿಟ್ಟರೂ ಪಟ್ಟಿಗೆ ಹೆಸರು ಬರುತ್ತದೆಂಬ ಖಾತ್ರಿ ಇಲ್ಲ. ಅವರು ಕಾರ್ಡು ಉಳಿಸಿಕೊಂಡರು, ರಾಜ್ಯದ ಯೋಜನೆಗೆ ಅರ್ಜಿ ಕೊಟ್ಟರು. ಎಲ್ಲರ ಲೆಕ್ಕ ಹೀಗೇ ಬರಬೇಕೆಂದಿಲ್ಲ. ಆದರೆ ಲೆಕ್ಕ ಹಾಕದೆ ಕಾರ್ಡು ಬಿಡಬೇಡಿ.

ಇನ್ನೊಂದು ವಿಷಯ. 2011ರ ಗಣತಿಯಲ್ಲಿ ಕುಟುಂಬವೆಂದರೆ ಒಂದೇ ಒಲೆಯಲ್ಲಿ ಉಣ್ಣುವವರು. ಅಣ್ಣತಮ್ಮಂದಿರು ನಿಜವಾಗಿಯೂ ಬೇರೆಯಾಗಿ ಅಡುಗೆ ಮಾಡಿಕೊಂಡಿದ್ದರೆ ರೇಷನ್ ಕಾರ್ಡು ಬೇರೆ ಮಾಡಿಸಿಟ್ಟಿರಿ. ಇಲ್ಲದಿದ್ದರೆ ಅಣ್ಣನ ಜೀಪು ತಮ್ಮನ ಮನೆಗೆ ಅಡ್ಡವಾದೀತು.

ಹಣ ಎಷ್ಟು, ಯಾವಾಗ?

ಕೇಂದ್ರದ ಯೋಜನೆಯಲ್ಲಿ ಬಯಲುಸೀಮೆ ದರ 1.20 ಲಕ್ಷ, ಗುಡ್ಡಗಾಡು ರಾಜ್ಯಗಳಿಗೆ 1.30 ಲಕ್ಷ. ನಮಗೆ 1.20. ಮಲೆನಾಡಾದರೂ ಅಷ್ಟೇ. ಮನೆ ಕನಿಷ್ಠ 25 ಚದರ ಮೀಟರು, ಎಂದರೆ 269 ಚದರಡಿ ಇರಬೇಕು. ಭಾಗಿಸಿ ನೋಡಿ: ಚದರಡಿಗೆ 446 ರೂಪಾಯಿ. ಈ ದರ ಹೇಳಿದರೆ ಮೇಸ್ತ್ರಿ ನಕ್ಕಾರು.

ಇದಲ್ಲದೆ ಶೌಚಾಲಯಕ್ಕೆ ಸ್ವಚ್ಛ ಭಾರತದಿಂದ 12 ಸಾವಿರ. ಹಿಂದೆ ಪಡೆದವರಿಗೆ ಮತ್ತೆ ಇಲ್ಲ. ಉದ್ಯೋಗ ಖಾತ್ರಿಯಲ್ಲಿ 90 ದಿನದ ಕೂಲಿ. 2025–26ರ ದರ 370ರಂತೆ ಅದು 33,300 ರೂಪಾಯಿ. ಮೂರೂ ಸೇರಿದರೆ 1,65,300. ಅನೇಕರು ಈ ಕೂಲಿಯ ಭಾಗವನ್ನು ಕೇಳುವುದೇ ಇಲ್ಲ. 2025ರ ಡಿಸೆಂಬರಿನಲ್ಲಿ ಉದ್ಯೋಗ ಖಾತ್ರಿಗೆ ಹೊಸ ಕಾಯ್ದೆ ಆಗಿರುವುದರಿಂದ, ನಿಮ್ಮ ಮನೆಗೆ ಎಷ್ಟು ಕೂಲಿ ಎಂದು ಆದೇಶ ಕೈಗೆ ಬರುವಾಗಲೇ ಪಿಡಿಒ ಅವರಲ್ಲಿ ಕೇಳಿ. ಬೇಕಾದವರಿಗೆ 70 ಸಾವಿರದ ತನಕ ಬ್ಯಾಂಕ್ ಸಾಲದ ಅವಕಾಶವೂ ಉಂಟು. ಅದು ಸಾಲವೇ, ನೆರವಲ್ಲ.

ಹಣ ಒಟ್ಟಿಗೆ ಬರುವುದಿಲ್ಲ. ಕೇಂದ್ರದ ಯೋಜನೆಯಲ್ಲಿ ಮೊದಲ ಕಂತು ಮಂಜೂರಾತಿಯ ಜತೆಗೆ, ಉಳಿದದ್ದು ಕೆಲಸ ಏರಿದಂತೆ. ರಾಜ್ಯದ್ದರಲ್ಲಿ ಪಂಚಾಂಗ, ಲಿಂಟಲ್, ಮಾಡು, ಮುಕ್ತಾಯ ಎಂಬ ಹಂತಗಳು. ಪ್ರತಿ ಹಂತದ ಫೋಟೋ ಜಾಗದ ಗುರುತಿನ ಸಮೇತ ಮೊಬೈಲಿನಲ್ಲಿ ತೆಗೆದಾದ ಮೇಲೆ ಹಣ ಖಾತೆಗೆ. ಆದುದರಿಂದ ಒಂದು ಹಂತಕ್ಕೆ ಆಗುವಷ್ಟು ಕೈಹಣ ಬೇಕೇ ಬೇಕು. ಅಡಿಕೆ ಮಾರಿದ ಹಣ ಬರುವ ಹೊತ್ತಿಗೆ ಕೆಲಸ ಹಿಡಿದು, ಮಳೆಗೆ ಮೊದಲು ಮಾಡು ಮುಚ್ಚುವ ಅಂದಾಜು ಮಾಡಿ. ಆದೇಶ ಬರುವ ಮೊದಲು ಪಂಚಾಂಗ ಕಟ್ಟಬೇಡಿ. ಹಳೆಮನೆಯ ಮತ್ತು ಖಾಲಿ ಜಾಗದ ಫೋಟೋ ಮೊದಲು ಆಗಬೇಕು.

ಜಾಗದ ಕಾಗದ

ಅರ್ಜಿಗಳು ಹೆಚ್ಚು ಸಿಕ್ಕಿಬೀಳುವುದು ಇಲ್ಲಿಯೇ. ಅಜ್ಜನ ಹೆಸರಲ್ಲಿ ಆರ್‌ಟಿಸಿ, ಕೂತದ್ದು ಮೊಮ್ಮಗ. ವಿಭಾಗಪತ್ರ ಅಥವಾ ಪೌತಿ ಖಾತೆ ಮೊದಲು ಮಾಡಿಸಿ. ಗ್ರಾಮಠಾಣಾ ಅಥವಾ ಪರಿವರ್ತಿತ ನಿವೇಶನವಾದರೆ ಪಂಚಾಯತಿನ 9/11. ಸರಕಾರಿ ಜಾಗದಲ್ಲಿ ಮನೆ ಕಟ್ಟಿ 94ಸಿಯಲ್ಲಿ ಹಕ್ಕುಪತ್ರ ಪಡೆದವರು ಅದನ್ನು ಜೋಪಾನವಾಗಿಡಿ.

ಕೇಂದ್ರದ ಮನೆ ಹೆಂಗಸಿನ ಹೆಸರಿಗೆ ಅಥವಾ ಗಂಡಹೆಂಡತಿ ಜಂಟಿ ಹೆಸರಿಗೆ ಕೊಡುವುದು ನಿಯಮ. ಅವರ ಆಧಾರ್, ಬ್ಯಾಂಕ್ ಖಾತೆ, ರೇಷನ್ ಕಾರ್ಡಿನಲ್ಲಿ ಹೆಸರು ಒಂದೇ ರೀತಿ ಇದೆಯೋ ನೋಡಿ. ಒಂದಕ್ಷರದ ವ್ಯತ್ಯಾಸಕ್ಕೆ ಕಂತು ತಿಂಗಳುಗಟ್ಟಲೆ ನಿಂತದ್ದನ್ನು ನೋಡಿದ್ದೇನೆ.

ಗ್ರಾಮಸಭೆಗೆ ಹೋಗಿ ಮಾರಾಯ್ರೆ

ಪಟ್ಟಿ ಗಟ್ಟಿಯಾಗುವುದು ಗ್ರಾಮಸಭೆಯಲ್ಲಿ. ಅಲ್ಲಿ ಅದನ್ನು ಓದಿ ಹೇಳಬೇಕು. ಹೆಸರು ಬಿಟ್ಟಿದ್ದರೆ ಯಾವ ಕಾರಣಕ್ಕೆ ಎಂದು ಬರವಣಿಗೆಯಲ್ಲಿ ಕೇಳಿ. ಕಾರಣ ಸರಿಯಲ್ಲವೆಂದು ಕಂಡರೆ ಕೇಂದ್ರದ ಯೋಜನೆಯಲ್ಲಿ ಮೇಲ್ಮನವಿ ಸಮಿತಿಗೆ ಹೋಗಬಹುದು. ಅಡಿಕೆ ಕೊಯ್ಲಿನ ದಿನ ಸಭೆ ಬಂತೆಂದು ಮನೆಯಲ್ಲಿ ಕೂತರೆ, ನಮ್ಮ ಪರವಾಗಿ ಮಾತಾಡುವವರು ಅಲ್ಲಿ ಯಾರೂ ಇರುವುದಿಲ್ಲ.

ಕೊಟ್ಟ ಹಣಕ್ಕೆ ಹೊಂದುವ ಮನೆ

ನೆರವಿನ ಮನೆ ಅರ್ಧಕ್ಕೆ ನಿಲ್ಲುವುದು ಹೆಚ್ಚಾಗಿ ಪಂಚಾಂಗದ ಅಳತೆಯಿಂದ. 'ಹೇಗೂ ಕಟ್ಟುವುದಲ್ಲ' ಎಂದು 700 ಚದರಡಿಗೆ ಕಲ್ಲು ಹಾಕುತ್ತಾರೆ. ಲಿಂಟಲಿಗೆ ಬರುವಾಗ ಕೈ ಖಾಲಿ. ಮತ್ತೆ ಹೆಂಡತಿಯ ಚಿನ್ನ ಬ್ಯಾಂಕಿಗೆ. ಪಂಚಾಂಗ ದೊಡ್ಡದಾದರೆ ನೆರವು ದೊಡ್ಡದಾಗುವುದಿಲ್ಲ.

18 ಅಡಿಗೆ 15 ಅಡಿ ಎಂದರೆ 270 ಚದರಡಿ. ನಿಯಮಕ್ಕೆ ಸಾಕು. ಮೊದಲು ಅಷ್ಟನ್ನು ಪೂರ್ತಿ ಮುಗಿಸಿ. ಮುಂದೆ ಕೋಣೆ ಸೇರಿಸುವ ಕಡೆ ಒಂದು ಬಾಗಿಲಿನಷ್ಟು ಜಾಗಕ್ಕೆ ಲಿಂಟಲ್ ಕೊಟ್ಟು, ಸದ್ಯಕ್ಕೆ ಕಲ್ಲಿಟ್ಟು ಮುಚ್ಚಿಬಿಡಿ. ಹೊಸ ಗೋಡೆ ಕೂಡಿಸಲಿಕ್ಕೆ ಮೂಲೆಯಲ್ಲಿ ಕಲ್ಲುಗಳನ್ನು ವರಸೆ ಬಿಟ್ಟು ವರಸೆ ಹೊರಚಾಚಿಸಿಡಿ.

ಸ್ಲ್ಯಾಬೇ ಹಾಕಬೇಕೆಂದಿಲ್ಲ. ಸಾಧಾರಣ ದುರಸ್ತಿಯಲ್ಲಿ 30 ವರ್ಷ ಬಾಳುವ ಮನೆ ಎಂಬುದು ನಿಯಮದ ಮಾತು. ಪಟ್ಟಿಯಿಂದ ಹೊರಗಿಡುವಾಗ ಪಕ್ಕಾ ಎನಿಸಿದ ಮಂಗಳೂರು ಹಂಚು ಕಟ್ಟುವಾಗಲೂ ಪಕ್ಕಾವೇ. ಕೆಡವಿದ ಮನೆಗಳ ಒಳ್ಳೆ ಹಂಚು ಅಗ್ಗಕ್ಕೆ ಸಿಗುತ್ತದೆ. ಸ್ಲ್ಯಾಬೇ ಬೇಕೆನ್ನುವವರು, ಭಾರ ಹೊರದ ಕೆಳಭಾಗದ ಕಾಂಕ್ರೀಟಿನ ಬದಲು ಹಳೆ ಹಂಚು ತುಂಬಿಸುವ ಕ್ರಮ ನೋಡಿ. ಕೇರಳದಲ್ಲಿ ಲಾರಿ ಬೇಕರ್ ಇದನ್ನು ನೂರಾರು ಮನೆಗಳಲ್ಲಿ ಮಾಡಿದರು. ಇಟ್ಟಿಗೆ ನಾಡಿನವರಿಗೆ ಅವರದೇ ಇನ್ನೊಂದು ಉಪಾಯ: ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ನಡುವೆ ಟೊಳ್ಳು ಬಿಡುವ ಗೋಡೆ. ಕಾಲಂಶ ಇಟ್ಟಿಗೆ ಉಳಿಯುತ್ತದೆ. ಕೆಂಪುಕಲ್ಲು ಸಿಗುವಲ್ಲಿ ಹೊರಗೋಡೆಗೆ ಸಾರಣೆ ಬೇಡ, ಸಂದು ಮುಚ್ಚಿದರೆ ಸಾಕು. ಮಾಡಿನ ಇಳಿಜಾರು ಮಾತ್ರ ಗೋಡೆಯಿಂದ ಚೆನ್ನಾಗಿ ಹೊರಗಿರಲಿ.

ಕೇಂದ್ರದ ಯೋಜನೆಯಲ್ಲಿ ಕಂತ್ರಾಟುದಾರ ಇರಬಾರದು, ಕಟ್ಟಿಸುವುದು ಫಲಾನುಭವಿಯೇ. 'ಕಾಗದ, ಕೆಲಸ ಎಲ್ಲ ನಾನು ನೋಡ್ತೇನೆ, ಪಾಸ್‌ಬುಕ್ ಕೊಡಿ' ಎಂದು ಬರುವವರಿಗೆ ಪಾಸ್‌ಬುಕ್ ಕೊಡಬೇಡಿ.

ಅರ್ಜಿ ಬರೆಯುವ ಮೊದಲು ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆಯಿರಿ: ನನ್ನ ಕಾರ್ಡಿನ ಮಿತಿ, ಜಾಗ ಯಾರ ಹೆಸರಲ್ಲಿ, ಒಂದು ಹಂತಕ್ಕೆ ಕೈಹಣ ಎಷ್ಟು, ಪಂಚಾಂಗದ ಅಳತೆ ಎಷ್ಟು. ಈ ನಾಲ್ಕಕ್ಕೆ ಉತ್ತರ ಇದ್ದವರ ಮನೆ ನಿಧಾನವಾದರೂ ಮುಗಿಯುತ್ತದೆ.