ಮೀನೇ ಆಹಾರ, ಆದರೂ ಏಕೆ ಕಾಯಿಲೆ?

ಡಾಲ್ಫಿನ್ ನೋಡಲು ಮೀನಿನಂತಿದ್ದರೂ ಅದು ನಮ್ಮಂತೆಯೇ ಸಸ್ತನಿ ಎಂಬುದು ವಿದ್ಯಾರ್ಥಿಗಳೆಲ್ಲರಿಗೂ ತಿಳಿದ ವಿಷಯ. ಅದು ಶ್ವಾಸಕೋಶದಿಂದ ಉಸಿರಾಡುತ್ತದೆ, ಮರಿಗೆ ಹಾಲೂಡಿಸುತ್ತದೆ, ಬಿಸಿರಕ್ತದ ಪ್ರಾಣಿ. ಆದರೆ ಅದರ ಊಟ ನಮ್ಮದಕ್ಕಿಂತ ತೀರ ಬೇರೆ. ಅನ್ನವಿಲ್ಲ, ರೊಟ್ಟಿಯಿಲ್ಲ, ಸಿಹಿತಿಂಡಿಯಂತೂ ಇಲ್ಲವೇ ಇಲ್ಲ. ದಿನವೂ ಮೀನು, ಜೊತೆಗೆ ನಮ್ಮ ಕರಾವಳಿಯವರು ಬೊಂಡಾಸ ಎಂದು ಕರೆಯುವ ಸ್ಕ್ವಿಡ್‌ನಂಥ ಜೀವಿಗಳು. ಮೀನು ತಿಂದರೆ ಹೃದಯಕ್ಕೆ ಒಳ್ಳೆಯದು ಎಂದು ವೈದ್ಯರು ನಮಗೆ ಹೇಳುತ್ತಾರೆ. ಹಾಗಿದ್ದರೆ ಮೀನನ್ನೇ ತಿಂದು ಬದುಕುವ ಡಾಲ್ಫಿನ್‌ಗೆ ಸಕ್ಕರೆ ಕಾಯಿಲೆಯನ್ನು ಹೋಲುವ ತೊಂದರೆ ಬರಬಹುದೇ? ಬರಬಹುದು ಎಂಬುದೇ ಇಲ್ಲಿನ ಸೋಜಿಗ.

ಚಯಾಪಚಯ ಎಂದರೇನು?

ತಿಂದ ಆಹಾರವನ್ನು ಒಡೆದು ಶಕ್ತಿ ಪಡೆಯುವುದು, ಅದರಿಂದಲೇ ದೇಹವನ್ನು ಕಟ್ಟುವುದು, ಉಳಿದದ್ದನ್ನು ಕೂಡಿಡುವುದು - ಜೀವಕೋಶಗಳಲ್ಲಿ ನಡೆಯುವ ಈ ರಾಸಾಯನಿಕ ಕ್ರಿಯೆಗಳನ್ನೆಲ್ಲ ಒಟ್ಟಾಗಿ ಚಯಾಪಚಯ ಎನ್ನುತ್ತೇವೆ. ಊಟವಾದ ಮೇಲೆ ರಕ್ತದಲ್ಲಿ ಗ್ಲೂಕೋಸ್ ಏರುತ್ತದೆ. ಆಗ ಮೇದೋಜೀರಕ ಗ್ರಂಥಿ ಇನ್ಸುಲಿನ್ ಎಂಬ ಹಾರ್ಮೋನನ್ನು ಸ್ರವಿಸುತ್ತದೆ. ಇನ್ಸುಲಿನ್ ಜೀವಕೋಶಗಳ ಬಾಗಿಲು ತೆರೆಸಿ ಗ್ಲೂಕೋಸನ್ನು ಒಳಗೆ ಬಿಡಿಸುವ ಕಾವಲುಗಾರನಿದ್ದಂತೆ. ಕೆಲವೊಮ್ಮೆ ಜೀವಕೋಶಗಳು ಈ ಕಾವಲುಗಾರನ ಮಾತಿಗೆ ಕಿವಿಗೊಡುವುದಿಲ್ಲ. ಆಗ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸಬೇಕಾಗುತ್ತದೆ. ರಕ್ತದಲ್ಲಿ ಇನ್ಸುಲಿನ್, ಗ್ಲೂಕೋಸ್, ಟ್ರೈಗ್ಲಿಸರೈಡ್ ಎಂಬ ಕೊಬ್ಬು ಇವೆಲ್ಲ ಏರತೊಡಗಿದರೆ ಅದು ಮೆಟಬಾಲಿಕ್ ಸಿಂಡ್ರೋಮ್ ಎಂಬ ಸ್ಥಿತಿಯ ಲಕ್ಷಣ. ಮನುಷ್ಯರಲ್ಲಿ ಇದು ಮಧುಮೇಹಕ್ಕೂ ಹೃದ್ರೋಗಕ್ಕೂ ದಾರಿ ಮಾಡಿಕೊಡುತ್ತದೆ.

ಸಕ್ಕರೆ ತಿನ್ನದ ಪ್ರಾಣಿಗೆ ಗ್ಲೂಕೋಸ್ ಎಲ್ಲಿಂದ?

ಡಾಲ್ಫಿನ್‌ಗಳ ಪೂರ್ವಜರು ನೆಲದ ಮೇಲೆ ಓಡಾಡುತ್ತಿದ್ದ ಗೊರಸಿನ ಪ್ರಾಣಿಗಳು. ಇಂದಿನ ನೀರಾನೆ ಅವುಗಳ ಹತ್ತಿರದ ಬಂಧು. ಸುಮಾರು 5 ಕೋಟಿ ವರ್ಷಗಳ ಹಿಂದೆ ಈ ವಂಶ ನೀರಿಗಿಳಿಯಿತು. ಅಂದಿನಿಂದ ಆಹಾರದಲ್ಲಿ ಪ್ರೋಟೀನ್ ಮತ್ತು ಕೊಬ್ಬು ಹೆಚ್ಚಾಗಿ, ಶರ್ಕರಪಿಷ್ಟ ಹೆಚ್ಚುಕಡಿಮೆ ಇಲ್ಲದಂತಾಯಿತು. ಸಿಹಿ ರುಚಿಯನ್ನು ಗುರುತಿಸುವ ಜೀನ್ ಕೂಡ ಡಾಲ್ಫಿನ್‌ನಲ್ಲಿ ಕೆಲಸ ಮಾಡದೆ ನಿಂತುಹೋಗಿದೆ.

ಆದರೆ ಅದರ ಮಿದುಳು ಸಣ್ಣದಲ್ಲ. ಬಾಟಲ್‌ನೋಸ್ ಜಾತಿಯ ಡಾಲ್ಫಿನ್‌ನ ಮಿದುಳು ಸುಮಾರು 1,600 ಗ್ರಾಂ ತೂಗುತ್ತದೆ. ನಮ್ಮದಕ್ಕಿಂತ ತುಸು ಹೆಚ್ಚೇ. ಮಿದುಳಿಗೆ ಗ್ಲೂಕೋಸ್ ಬೇಕೇ ಬೇಕು. ಆದ್ದರಿಂದ ಡಾಲ್ಫಿನ್‌ನ ಯಕೃತ್ತು ಪ್ರೋಟೀನಿನ ಅಮೈನೋ ಆಮ್ಲಗಳಿಂದಲೇ ಗ್ಲೂಕೋಸನ್ನು ತಯಾರಿಸುತ್ತದೆ. ಇನ್ನೂ ಒಂದು ವಿಶೇಷವನ್ನು ಅಮೆರಿಕದ ಸಂಶೋಧಕಿ ಸ್ಟೆಫನಿ ವೆನ್-ವಾಟ್ಸನ್ ಮತ್ತು ಅವರ ಸಂಗಡಿಗರು ಗಮನಿಸಿದರು. ರಾತ್ರಿ ಉಪವಾಸವಿದ್ದ ಆರೋಗ್ಯವಂತ ಡಾಲ್ಫಿನ್‌ಗಳ ರಕ್ತದಲ್ಲಿ ಮಧುಮೇಹಿಗಳದ್ದನ್ನು ಹೋಲುವ ಬದಲಾವಣೆಗಳು ಕಂಡವು. ಬೆಳಗ್ಗೆ ಮೀನು ತಿಂದೊಡನೆ ರಕ್ತ ಮೊದಲಿನ ಸ್ಥಿತಿಗೆ ಮರಳಿತು. 2010ರಲ್ಲಿ ಸ್ಯಾನ್ ಡಿಯಾಗೋ ನಗರದಲ್ಲಿ ನಡೆದ ವಿಜ್ಞಾನ ಸಮ್ಮೇಳನದಲ್ಲಿ ಅವರು ಈ ವಿಷಯವನ್ನು ಮಂಡಿಸಿದರು. ಹಸಿದ ವೇಳೆಯಲ್ಲಿ ಮಿದುಳಿಗೆ ಗ್ಲೂಕೋಸ್ ಕೊರತೆಯಾಗದಂತೆ ದೇಹ ಮಾಡಿಕೊಂಡ ಏರ್ಪಾಡು ಇದು ಎಂಬುದು ಅವರ ಊಹೆ. ನಮ್ಮಲ್ಲಿ ರೋಗವೆನಿಸುವ ಸ್ಥಿತಿಯನ್ನು ಡಾಲ್ಫಿನ್ ಬೇಕೆಂದಾಗ ತಂದುಕೊಂಡು, ಬೇಡವಾದಾಗ ಬಿಡಬಲ್ಲದು. ಆದರೆ ಕೆಲವು ಡಾಲ್ಫಿನ್‌ಗಳಲ್ಲಿ ಈ ಏರುಪೇರು ಬಿಡದೆ ಉಳಿದುಕೊಳ್ಳುತ್ತದೆ. ಏಕೆ?

ಎರಡು ಕಡಲುಗಳ ಡಾಲ್ಫಿನ್‌ಗಳು

ಉತ್ತರ ಹುಡುಕಲು ಎರಡು ಗುಂಪುಗಳನ್ನು ಹೋಲಿಸಲಾಯಿತು. ಮೊದಲನೆಯದು ಶಾಂತಸಾಗರದ ತೀರದ ಸ್ಯಾನ್ ಡಿಯಾಗೋದಲ್ಲಿ ಅಮೆರಿಕದ ನೌಕಾಪಡೆ ಸಾಕಿರುವ ಡಾಲ್ಫಿನ್‌ಗಳ ಗುಂಪು. ಕಡಲಿನಲ್ಲಿ ಅಡಗಿಸಿಟ್ಟ ಸಿಡಿಗುಂಡುಗಳನ್ನು ಪತ್ತೆ ಹಚ್ಚುವುದು ಇವುಗಳಿಗೆ ಕಲಿಸಿದ ಕೆಲಸಗಳಲ್ಲಿ ಒಂದು. ಎರಡನೆಯದು ಫ್ಲಾರಿಡಾ ರಾಜ್ಯದ ಸರಸೋಟಾ ಕೊಲ್ಲಿಯಲ್ಲಿ ಸ್ವತಂತ್ರವಾಗಿ ಬದುಕುವ ಡಾಲ್ಫಿನ್‌ಗಳು. ಅಲ್ಲಿ 1970ರಿಂದಲೂ ವಿಜ್ಞಾನಿಗಳು ಇವುಗಳ ತಲೆಮಾರುಗಳನ್ನು ಗುರುತಿಟ್ಟು ಗಮನಿಸುತ್ತಾ ಬಂದಿದ್ದಾರೆ. ಆಗಾಗ ಕೆಲವನ್ನು ಹಿಡಿದು, ರಕ್ತಪರೀಕ್ಷೆ ಮಾಡಿ, ಮರಳಿ ನೀರಿಗೆ ಬಿಡುತ್ತಾರೆ.

2015ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಸಾಕಿದ 30 ಮತ್ತು ಕಾಡು ಬದುಕಿನ 19 ಡಾಲ್ಫಿನ್‌ಗಳಿದ್ದವು. ಒಂದು ಮಿಲಿಲೀಟರ್ ರಕ್ತಸಾರದಲ್ಲಿ ಇನ್ಸುಲಿನ್ ಪ್ರಮಾಣ ಸರಸೋಟಾ ಗುಂಪಿನಲ್ಲಿ ಸರಾಸರಿ 2 ಮೈಕ್ರೋ ಯೂನಿಟ್ ಇದ್ದರೆ, ಸಾಕಿದ ಗುಂಪಿನಲ್ಲಿ 11 ಇತ್ತು. ಟ್ರೈಗ್ಲಿಸರೈಡ್ ಕೂಡ ಹೆಚ್ಚು. ದೇಹ ಕಬ್ಬಿಣವನ್ನು ಕೂಡಿಟ್ಟುಕೊಳ್ಳುವ ಫೆರಿಟಿನ್ ಎಂಬ ಪ್ರೋಟೀನೂ ಹೆಚ್ಚು. ಯಕೃತ್ತಿನಲ್ಲಿ ಕಬ್ಬಿಣ ಅತಿಯಾಗಿ ಸೇರಿದ ಡಾಲ್ಫಿನ್‌ಗಳಿಗೆ ಆಗಾಗ ರಕ್ತ ತೆಗೆದು ಚಿಕಿತ್ಸೆ ನೀಡಿದ ಉದಾಹರಣೆಗಳೂ ಇವೆ.

ಮೀನಿಗೂ ಮೀನಿಗೂ ವ್ಯತ್ಯಾಸ

ಎರಡೂ ಗುಂಪುಗಳು ತಿನ್ನುವುದು ಮೀನನ್ನೇ. ಆದರೆ ಯಾವ ಮೀನು? ಸಾಕಿದ ಡಾಲ್ಫಿನ್‌ಗಳ ಊಟದಲ್ಲಿ ತಣ್ಣನೆಯ ಉತ್ತರ ಸಮುದ್ರಗಳ ಕ್ಯಾಪೆಲಿನ್ ಎಂಬ ಪುಟ್ಟ ಮೀನಿಗೆ ದೊಡ್ಡ ಪಾಲಿತ್ತು. ಸರಸೋಟಾದ ಡಾಲ್ಫಿನ್‌ಗಳು ಕೊಲ್ಲಿಯ ಆಳವಿಲ್ಲದ ನೀರಿನಲ್ಲಿ ಸಿಗುವ ಮುಲ್ಲೆಟ್ ಮತ್ತು ಪಿನ್‌ಫಿಶ್‌ಗಳನ್ನು ಬೇಟೆಯಾಡುತ್ತವೆ. ಈ ಮೀನುಗಳ ಕೊಬ್ಬನ್ನು ವಿಶ್ಲೇಷಿಸಿದಾಗ ಒಂದು ಕೊಬ್ಬಿನಾಮ್ಲದ ಕಡೆಗೆ ಗಮನ ಹರಿಯಿತು. ಅದರ ಹೆಸರು ಹೆಪ್ಟಾಡೆಕನೋಯಿಕ್ ಆಮ್ಲ. 17 ಇಂಗಾಲದ ಪರಮಾಣುಗಳ ಸರಪಳಿ.

17 ಎಂಬ ಸಂಖ್ಯೆಯಲ್ಲೇ ಒಂದು ಸ್ವಾರಸ್ಯವಿದೆ. ಜೀವಿಗಳು ಕೊಬ್ಬಿನಾಮ್ಲವನ್ನು ಸಾಮಾನ್ಯವಾಗಿ ಎರಡೆರಡು ಇಂಗಾಲಗಳನ್ನು ಜೋಡಿಸುತ್ತಾ ಕಟ್ಟುತ್ತವೆ. ಹಾಗಾಗಿ ನಿಸರ್ಗದಲ್ಲಿ 16, 18 ಇಂಗಾಲಗಳಂಥ ಸಮಸಂಖ್ಯೆಯ ಸರಪಳಿಗಳೇ ಹೆಚ್ಚು. ಬೆಸಸಂಖ್ಯೆಯವು ಅಪರೂಪ. ಹಸುವಿನಂಥ ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯ ಬ್ಯಾಕ್ಟೀರಿಯಾಗಳು ಇವನ್ನು ತಯಾರಿಸುತ್ತವೆ. ಆದ್ದರಿಂದ ಹಾಲಿನ ಕೊಬ್ಬಿನಲ್ಲೂ ಇವು ಸ್ವಲ್ಪ ಇರುತ್ತವೆ. 100 ಗ್ರಾಂ ಮುಲ್ಲೆಟ್‌ನಲ್ಲಿ ಈ ಆಮ್ಲ 67 ಮಿಲಿಗ್ರಾಂ, ಪಿನ್‌ಫಿಶ್‌ನಲ್ಲಿ 41 ಮಿಲಿಗ್ರಾಂ ಇತ್ತು. ಕ್ಯಾಪೆಲಿನ್‌ನಲ್ಲಿ ಪತ್ತೆಯೇ ಆಗಲಿಲ್ಲ. ಡಾಲ್ಫಿನ್‌ಗಳ ರಕ್ತದಲ್ಲೂ ಅದೇ ಲೆಕ್ಕ: ಒಟ್ಟು ಕೊಬ್ಬಿನಾಮ್ಲಗಳಲ್ಲಿ ಇದರ ಪಾಲು ಸರಸೋಟಾ ಗುಂಪಿನಲ್ಲಿ ಶೇಕಡ 1.3, ಸಾಕಿದ ಗುಂಪಿನಲ್ಲಿ ಶೇಕಡ 0.3 ಮಾತ್ರ.

24 ವಾರಗಳ ಪ್ರಯೋಗ

ಎರಡು ಸಂಗತಿಗಳು ಒಟ್ಟಿಗೆ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗಬೇಕೆಂದಿಲ್ಲ. ಕಾಡು ಬದುಕಿನ ಡಾಲ್ಫಿನ್ ತನ್ನ ಊಟವನ್ನು ತಾನೇ ಅಟ್ಟಿ ಹಿಡಿಯಬೇಕು. ಸಾಕಿದ್ದಕ್ಕೆ ಊಟ ಬಾಯಿಗೇ ಬರುತ್ತದೆ. ವ್ಯತ್ಯಾಸ ಅಲ್ಲಿಯೂ ಇರಬಹುದಲ್ಲವೇ? ಆದ್ದರಿಂದ ಸಂಶೋಧಕರು ಊಟವನ್ನೇ ಬದಲಿಸಿ ನೋಡಿದರು. ಸಾಕಿದ ಗುಂಪಿನ 6 ಡಾಲ್ಫಿನ್‌ಗಳ ಆಹಾರದಲ್ಲಿ ಕಾಲುಭಾಗ ಮುಲ್ಲೆಟ್ ಅಥವಾ ಪಿನ್‌ಫಿಶ್ ಇರುವಂತೆ 24 ವಾರ ಉಣಿಸಿದರು. ದಿನಕ್ಕೆ ಸರಾಸರಿ 400 ಮಿಲಿಗ್ರಾಂ ದೊರೆಯುತ್ತಿದ್ದ 17 ಇಂಗಾಲದ ಆಮ್ಲ ಈಗ 1,700 ಮಿಲಿಗ್ರಾಂಗೆ ಏರಿತು. ಇನ್ನು 4 ಡಾಲ್ಫಿನ್‌ಗಳಿಗೆ ಹಳೆಯ ಊಟವನ್ನೇ ಮುಂದುವರಿಸಿದರು.

ಊಟ ಬದಲಿಸಿದ ಡಾಲ್ಫಿನ್‌ಗಳಲ್ಲಿ ಹೆಚ್ಚಿದ್ದ ಫೆರಿಟಿನ್ ಇಳಿಯಿತು. ಚಯಾಪಚಯದ ಏರುಪೇರನ್ನು ತೋರುವ ಉಳಿದ ಅಂಶಗಳೂ ಸಹಜ ಮಟ್ಟದತ್ತ ಸರಿದವು. ಹಳೆಯ ಊಟದ ನಾಲ್ಕರಲ್ಲಿ ಈ ಬದಲಾವಣೆ ಕಾಣಲಿಲ್ಲ. ಯಾವ ಔಷಧವನ್ನೂ ಕೊಡದೆ, ಮೀನಿನ ಜಾತಿಯನ್ನು ಬದಲಿಸಿ ಪಡೆದ ಫಲ ಇದು.

ಸಾಕಿದ ಡಾಲ್ಫಿನ್‌ಗಳ ಊಟದಲ್ಲಿ ಜಾತಿಯಷ್ಟೇ ಅಲ್ಲದೆ ಶೇಖರಣೆಯೂ ಮುಖ್ಯ. ನಮ್ಮ ಬಂಗುಡೆ, ಬೂತಾಯಿಗಳ ಸಂಬಂಧಿಗಳಾದ ಮ್ಯಾಕೆರೆಲ್, ಹೆರ್ರಿಂಗ್ ಮೊದಲಾದ ಕೆಲವು ಮೀನುಗಳಲ್ಲಿ ಬಿ1 ಜೀವಸತ್ವವನ್ನು ಹಾಳುಮಾಡುವ ಕಿಣ್ವವಿರುತ್ತದೆ. ಹಿಮಗಟ್ಟಿಸಿ ಬಹುಕಾಲ ಇಟ್ಟ ಮೀನಿನಲ್ಲಿ ಇ ಜೀವಸತ್ವವೂ ಕಡಿಮೆಯಾಗುತ್ತದೆ. ಆದ್ದರಿಂದಲೇ ಪಾಲಕರು ಮೀನಿನ ಕಿವಿರಿನೊಳಗೆ ಜೀವಸತ್ವದ ಮಾತ್ರೆಯನ್ನಿಟ್ಟು ಉಣಿಸುವುದುಂಟು.

ಎಚ್ಚರದಿಂದ ಓದಬೇಕಾದ ಮಾತು

ಇಷ್ಟನ್ನು ಓದಿದವರು ಅವಸರದ ತೀರ್ಮಾನಕ್ಕೆ ಬರಬಾರದು. ಊಟ ಬದಲಿಸಿದ್ದು ಆರೇ ಪ್ರಾಣಿಗಳಿಗೆ. ಮುಲ್ಲೆಟ್ ಮೀನಿನಲ್ಲಿ ಆ ಒಂದು ಆಮ್ಲವಲ್ಲದೆ ಬೇರೆ ನೂರಾರು ಪದಾರ್ಥಗಳಿವೆ; ಫಲ ಯಾವುದರಿಂದ ಬಂತೆಂದು ಈ ಪ್ರಯೋಗವೊಂದರಿಂದಲೇ ಹೇಳಲಾಗದು. 2020ರಲ್ಲಿ ಇದೇ ಸಂಶೋಧಕರು 15 ಇಂಗಾಲದ ಇನ್ನೊಂದು ಕೊಬ್ಬಿನಾಮ್ಲವೇ ಹೆಚ್ಚು ಮುಖ್ಯ, ಅದು ಮನುಷ್ಯರಿಗೂ ಅತ್ಯಗತ್ಯ ಎಂದು ವಾದಿಸಿದರು. ವೆನ್-ವಾಟ್ಸನ್ ಅವರು ಆ ಆಮ್ಲವನ್ನು ಮಾರುವ ಕಂಪನಿಯ ಸ್ಥಾಪಕರಲ್ಲೂ ಒಬ್ಬರು. ಇದರಿಂದ ಸಂಶೋಧನೆ ಸುಳ್ಳಾಗುವುದಿಲ್ಲ. ಆದರೆ ಅದರಲ್ಲಿ ಲಾಭವಿಲ್ಲದ ಬೇರೆಯವರೂ ಪರೀಕ್ಷಿಸಿ ಅದೇ ಫಲ ಪಡೆದಾಗ ಮಾತಿಗೆ ತೂಕ ಬರುತ್ತದೆ. ಯಾವುದೇ ವಿಜ್ಞಾನದ ಸುದ್ದಿ ಓದುವಾಗ ಎಷ್ಟು ಜೀವಿಗಳ ಮೇಲೆ ನಡೆಯಿತು, ಹೋಲಿಕೆಗೆ ಬೇರೊಂದು ಗುಂಪಿತ್ತೇ, ಯಾರಿಗೆ ಲಾಭ ಎಂಬ ಮೂರು ಪ್ರಶ್ನೆಗಳನ್ನು ಕೇಳುವ ಅಭ್ಯಾಸ ಬೆಳೆಸಿಕೊಳ್ಳಿ.

ಬೆಣ್ಣೆಯಲ್ಲಿ 17 ಇಂಗಾಲದ ಆಮ್ಲ 100 ಗ್ರಾಂಗೆ 423 ಮಿಲಿಗ್ರಾಂ ಇದೆ ಎಂದು ಅದೇ ಅಧ್ಯಯನ ಹೇಳಿತು. ಹಾಗೆಂದು ಬೆಣ್ಣೆಯ ಮುದ್ದೆ ನುಂಗಿದರೆ ಮಧುಮೇಹ ಬಾರದೆಂದು ಯಾರೂ ತಿಳಿಯಬಾರದು. ಅದರಲ್ಲಿರುವ ಕೊಬ್ಬಿನ ಬಹುಪಾಲು ಬೇರೆ ಬಗೆಯದು. ನಮ್ಮ ದೇಹ ಡಾಲ್ಫಿನ್‌ನ ದೇಹವೂ ಅಲ್ಲ. ಭಾರತದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ ಅಂದಾಜು ಮಾಡಿದೆ. ಇಷ್ಟು ದೊಡ್ಡ ಸಮಸ್ಯೆಗೆ ಒಂದೇ ಪದಾರ್ಥದಲ್ಲಿ ಪರಿಹಾರ ಹುಡುಕುವುದು ಸಲ್ಲದು.

ಆದರೂ ಡಾಲ್ಫಿನ್‌ಗಳಿಂದ ಕಲಿಯಬೇಕಾದ ಪಾಠವೊಂದಿದೆ. ಹೊಟ್ಟೆ ತುಂಬಿಸುವುದೇ ಬೇರೆ, ದೇಹಕ್ಕೆ ಒಗ್ಗುವಂತೆ ಉಣಿಸುವುದೇ ಬೇರೆ. ಕೊಲ್ಲಿಯ ಡಾಲ್ಫಿನ್ ತನ್ನ ಊಟವನ್ನು ತಾನೇ ಆರಿಸಿಕೊಳ್ಳುತ್ತದೆ. ಸಾಕಿದ ಡಾಲ್ಫಿನ್ ನಾವು ಬಕೆಟ್ಟಿನಲ್ಲಿ ತಂದದ್ದನ್ನು ತಿನ್ನುತ್ತದೆ. ಒಂದು ಪ್ರಾಣಿಯನ್ನು ನಮ್ಮ ವಶಕ್ಕೆ ತೆಗೆದುಕೊಂಡ ಮೇಲೆ ಅದರ ರಕ್ತದ ಲೆಕ್ಕಕ್ಕೂ ನಾವೇ ಹೊಣೆ.