ಬರೆದದ್ದನ್ನು ತಿದ್ದಿಸಿಕೊಳ್ಳುವ ತರಗತಿ

ಕನ್ನಡ ಎಂ.ಎ. ಓದುವವರು ಎರಡು ವರ್ಷಗಳಲ್ಲಿ ಬರೆಯುವ ಹಾಳೆಗಳಿಗೆ ಲೆಕ್ಕವಿಲ್ಲ. ಸೆಮಿನಾರ್ ಪ್ರಬಂಧ, ಆಂತರಿಕ ಪರೀಕ್ಷೆ, ಮೂರು ಗಂಟೆಯ ಉತ್ತರ ಪತ್ರಿಕೆ. ಇವನ್ನೆಲ್ಲ ಓದುವವರು ಒಬ್ಬರು, ಹೆಚ್ಚೆಂದರೆ ಇಬ್ಬರು. ಅವರಿಗೆ ವಿಷಯ ಮೊದಲೇ ಗೊತ್ತು. ಪಂಪ ಯಾರು, ವಡ್ಡಾರಾಧನೆ ಎಂದರೇನು ಎಂದು ಪರೀಕ್ಷಕರಿಗೆ ಬಿಡಿಸಿ ಹೇಳುವ ಅಗತ್ಯವೇ ಬೀಳುವುದಿಲ್ಲ. ಫಲಿತಾಂಶ ಬಂದ ಮೇಲೆ ಆ ಹಾಳೆಗಳನ್ನು ಮತ್ತೆ ಯಾರೂ ತೆರೆಯುವುದಿಲ್ಲ. ಭಾಷೆಯನ್ನೇ ಓದಿದವರು ಪರಿಚಯವಿಲ್ಲದ ಓದುಗರಿಗಾಗಿ ಒಂದು ಪುಟವನ್ನೂ ಬರೆಯದೆ ಪದವಿ ಪಡೆದುಬಿಡಬಹುದು. ನಮ್ಮ ಭಾಷಾ ತರಗತಿಗಳ ದೊಡ್ಡ ಕೊರತೆ ಇದು.

ಈ ಕೊರತೆ ತುಂಬಲು ಕರ್ನಾಟಕದ ಕೆಲವು ಕಾಲೇಜುಗಳು ಹಿಡಿದ ದಾರಿ ಕನ್ನಡ ವಿಕಿಪೀಡಿಯ. 2003ರ ಜೂನ್‌ನಲ್ಲಿ ಶುರುವಾದ ಈ ವಿಶ್ವಕೋಶದಲ್ಲಿ ಈಗ ಮೂವತ್ತು ಸಾವಿರಕ್ಕೂ ಹೆಚ್ಚು ಲೇಖನಗಳಿವೆ. ಇಲ್ಲಿ ಯಾರು ಬೇಕಾದರೂ ಬರೆಯಬಹುದು, ಬೇರೆಯವರು ಬರೆದದ್ದನ್ನು ತಿದ್ದಲೂಬಹುದು. 2013ರಲ್ಲಿ ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯ ತನ್ನ ಭಾಷಾ ತರಗತಿಗಳಿಗೆ ಇದನ್ನು ತಂದಿತು. ಕನ್ನಡ, ಹಿಂದಿ, ತಮಿಳು, ಸಂಸ್ಕೃತ, ಉರ್ದು ಓದುವ ಪದವಿ ವಿದ್ಯಾರ್ಥಿಗಳು ತಂತಮ್ಮ ಭಾಷೆಯ ವಿಕಿಪೀಡಿಯಕ್ಕೆ ಬರೆಯತೊಡಗಿದರು. ಮುಂದೆ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು, ಮೂಡುಬಿದಿರೆಯ ಆಳ್ವಾಸ್ ಕಾಲೇಜುಗಳಲ್ಲೂ ಇದಕ್ಕಾಗಿಯೇ ವಿದ್ಯಾರ್ಥಿ ಸಂಘಗಳು ಹುಟ್ಟಿಕೊಂಡವು.

ಮೊದಲ ತೊಡಕು ಕೀಲಿಮಣೆ. ಹಲವರಿಗೆ ಕನ್ನಡ ಟೈಪಿಂಗ್ ಬರುವುದಿಲ್ಲ. ಬರುವವರಲ್ಲಿ ಕೆಲವರು ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬರೆದಿಟ್ಟದ್ದನ್ನು ತಂದು ಅಂಟಿಸುತ್ತಾರೆ. ಯೂನಿಕೋಡ್ ಅಲ್ಲದ ಆ ಅಕ್ಷರಗಳು ಪರದೆಯ ಮೇಲೆ ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗಿ ಕಾಣಿಸಿಕೊಳ್ಳುತ್ತವೆ. ವಿಕಿಪೀಡಿಯದ ಒಳಗೇ ಕನ್ನಡ ಬೆರಳಚ್ಚಿಸುವ ಸೌಲಭ್ಯವಿದೆ. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸವೂ ಅದರಲ್ಲಿ ಸೇರಿದೆ. ಒಂದೆರಡು ದಿನ ಕೈ ಪಳಗಿದರೆ ಇಷ್ಟು ದಾಟಬಹುದು. ಆದರೆ ಅಲ್ಲೇ ಇನ್ನೊಂದು ಪಾಠ ಕಾದಿರುತ್ತದೆ. ‘ರಾಜ್‌ಕುಮಾರ್’ ಎಂದು ಬರೆಯಲು ‘ಜ್’ ಆದ ಮೇಲೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಕೊಡಬೇಕು. ಕೊಡದಿದ್ದರೆ ಅದು ‘ರಾಜ್ಕುಮಾರ್’ ಆಗುತ್ತದೆ. ಓದುಗರಿಗೆ ಎರಡೂ ಒಂದೇ ಹೆಸರು, ಕಂಪ್ಯೂಟರಿಗೆ ಬೇರೆ ಬೇರೆ. ಒಬ್ಬರ ಮೇಲೆಯೇ ಎರಡು ಲೇಖನಗಳು ಹುಟ್ಟದಂತೆ ಒಂದು ಹೆಸರಿನಿಂದ ಇನ್ನೊಂದಕ್ಕೆ ದಾರಿ ಮಾಡಿಕೊಡಬೇಕು. ಕಾಗುಣಿತ ಇಷ್ಟು ಮುಖ್ಯವೇ ಎಂದು ಕೇಳುವ ಭಾಷಾ ವಿದ್ಯಾರ್ಥಿಗೆ ಇಲ್ಲಿ ಕಣ್ಣೆದುರೇ ಉತ್ತರ ಸಿಗುತ್ತದೆ.

ನಿಜವಾದ ಕಷ್ಟ ಶುರುವಾಗುವುದು ಮೊದಲ ವಾಕ್ಯದಲ್ಲಿ.

ಸಾಹಿತಿಯೊಬ್ಬರ ಬಗ್ಗೆ ಬರೆಯಲು ಹೇಳಿದರೆ ‘ನಾಡು ಕಂಡ ಮಹಾನ್ ಚೇತನ’, ‘ಕನ್ನಡ ಸಾಹಿತ್ಯಲೋಕದ ಧ್ರುವತಾರೆ’ ಎಂದೇ ಕೈ ಓಡುತ್ತದೆ. ಭಾಷಣಗಳು, ಅಭಿನಂದನ ಗ್ರಂಥಗಳು, ಪರೀಕ್ಷೆಯ ಗೈಡುಗಳು ಕೂಡಿ ಕಲಿಸಿದ ಶೈಲಿ ಅದು. ವಿಶ್ವಕೋಶಕ್ಕೆ ಅದು ಒಗ್ಗುವುದಿಲ್ಲ. ಹುಟ್ಟಿದ್ದು ಎಲ್ಲಿ, ಯಾವಾಗ, ಬರೆದದ್ದು ಏನು, ಸಂದ ಪ್ರಶಸ್ತಿ ಯಾವುದು, ಇದನ್ನೆಲ್ಲ ಎಲ್ಲಿಂದ ತಿಳಿದುಕೊಂಡಿರಿ ಎಂದು ಅದು ಕೇಳುತ್ತದೆ. ಮೆಚ್ಚುಗೆಯ ಮಾತು ಬೇಕೇ ಬೇಕೆಂದಾದರೆ ಯಾವ ವಿಮರ್ಶಕರು, ಯಾವ ಪುಸ್ತಕದಲ್ಲಿ ಹಾಗೆ ಮೆಚ್ಚಿದರು ಎಂಬುದನ್ನು ಜೊತೆಗೆ ಕೊಡಬೇಕು. ವಿಶೇಷಣಗಳನ್ನು ಒಂದೊಂದಾಗಿ ಕಿತ್ತ ಮೇಲೆ ಎಷ್ಟೋ ಬರಹಗಳಲ್ಲಿ ಉಳಿಯುವುದು ನಾಲ್ಕೇ ಸಾಲು. ತನಗೆ ಆ ಲೇಖಕರ ಬಗ್ಗೆ ಗೊತ್ತಿದ್ದದ್ದು ಅಷ್ಟೇ ಎಂಬುದು ಆಗ ವಿದ್ಯಾರ್ಥಿಗೆ ತಿಳಿಯುತ್ತದೆ. ಗ್ರಂಥಾಲಯದ ಕಡೆ ಹೆಜ್ಜೆ ಹಾಕುವುದು ಆಮೇಲೆ.

ಒಪ್ಪಿತ ಎಂದುಕೊಂಡ ಸಂಗತಿಗಳೂ ಇಲ್ಲಿ ಅಲುಗಾಡುತ್ತವೆ. ಕನ್ನಡದ ಮೊದಲ ಶಾಸನ ಯಾವುದು? ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನ ಎಂದು ಶಾಲೆಯಿಂದ ಎಂ.ಎ.ವರೆಗೂ ಒಂದೇ ಉತ್ತರ. ಶಿವಮೊಗ್ಗ ಜಿಲ್ಲೆಯ ತಾಳಗುಂದದಲ್ಲಿ ಸಿಕ್ಕ ಸಿಂಹಕಟಾಂಜನ ಶಾಸನ ಕ್ರಿ.ಶ. 370ರದ್ದು, ಆದ್ದರಿಂದ ಅದೇ ಮೊದಲನೆಯದು ಎಂಬ ವಾದವೂ ಈಗ ಇದೆ. ಪರೀಕ್ಷೆಯಲ್ಲಿ ಯಾವುದೋ ಒಂದನ್ನು ಬರೆದು ಅಂಕ ಪಡೆಯಬಹುದು. ವಿಶ್ವಕೋಶದಲ್ಲಿ ಎರಡನ್ನೂ, ಎರಡರ ಆಧಾರಗಳನ್ನೂ, ಯಾರು ಏನು ಹೇಳಿದರು ಎಂಬುದನ್ನೂ ಪಕ್ಷಪಾತವಿಲ್ಲದೆ ಬರೆಯಬೇಕು. ತನಗೆ ಸರಿ ಕಂಡದ್ದನ್ನು ತೀರ್ಪಿನಂತೆ ಹೇಳುವಂತಿಲ್ಲ. ಸಂಶೋಧನೆಗೆ ಕಾಲಿಡುವ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ತಾಲೀಮು ಬೇರೆ ಯಾವುದಿದೆ?

ಇಂಗ್ಲಿಷಿನಿಂದ ಅನುವಾದಿಸಿ ಹಾಕುವುದು ಸುಲಭದ ದಾರಿ ಎಂದು ಹೊರಗಿನಿಂದ ನೋಡುವವರಿಗೆ ಅನಿಸುತ್ತದೆ. ಕನ್ನಡ ವಿಕಿಪೀಡಿಯ ಅದರ ರುಚಿಯನ್ನು ಮೊದಲೇ ಕಂಡಿದೆ. 2010ರ ಆಸುಪಾಸಿನಲ್ಲಿ ಗೂಗಲ್ ತನ್ನ ಅನುವಾದ ಸಲಕರಣೆಯ ನೆರವಿನಿಂದ ಕನ್ನಡ, ತಮಿಳು, ತೆಲುಗು, ಬಂಗಾಳಿ ಮುಂತಾದ ಭಾಷೆಗಳಿಗೆ ಇಂಗ್ಲಿಷ್ ಲೇಖನಗಳನ್ನು ಅನುವಾದ ಮಾಡಿಸಿ ಸೇರಿಸಿತು. ಲೇಖನಗಳು ಉದ್ದವಾಗಿದ್ದವು, ಭಾಷೆ ಮಾತ್ರ ಬಿಗಿದುಕೊಂಡಿತ್ತು. ಗುಣಮಟ್ಟದ ಬಗ್ಗೆ ಹಲವು ಭಾಷೆಗಳ ಸಂಪಾದಕರು ತಕರಾರು ಎತ್ತಿದರು. ಇಂದಿನ ವಿದ್ಯಾರ್ಥಿಯೂ ಅದೇ ಗುಂಡಿಗೆ ಬೀಳುವುದುಂಟು. ‘ಹಂಪಿ, ಯಾವುದು ತುಂಗಭದ್ರಾ ನದಿಯ ದಂಡೆಯ ಮೇಲೆ ನೆಲೆಗೊಂಡಿದೆಯೋ, ಒಂದು ಗ್ರಾಮವಾಗಿದೆ’ ಎಂಬಂಥ ವಾಕ್ಯ ಕನ್ನಡ ಅಕ್ಷರಗಳಲ್ಲಿರುವ ಇಂಗ್ಲಿಷ್. ‘ಹಂಪಿ ತುಂಗಭದ್ರೆಯ ದಡದಲ್ಲಿರುವ ಊರು’ ಎಂದರೆ ಮುಗಿಯಿತು. ಎರಡನೆಯದನ್ನು ಬರೆಯಬಲ್ಲವರೇ ಭಾಷಾ ವಿದ್ಯಾರ್ಥಿಗಳು. ವಿಜ್ಞಾನ, ವೈದ್ಯಕೀಯ, ಕಾನೂನು ಬಲ್ಲ ಗೆಳೆಯರ ಪಕ್ಕದಲ್ಲಿ ಅವರು ಕೂರಬೇಕಾದದ್ದೂ ಇದೇ ಕಾರಣಕ್ಕೆ.

ಹೊಸಬರು ನೇರವಾಗಿ ಲೇಖನ ಪ್ರಕಟಿಸಬೇಕಿಲ್ಲ. ಪ್ರತಿಯೊಬ್ಬರಿಗೂ ಸ್ವಂತದ ‘ಪ್ರಯೋಗಪುಟ’ ಇರುತ್ತದೆ. ಅಲ್ಲಿ ಬರೆದು, ಅಧ್ಯಾಪಕರಿಗೂ ಸಹಪಾಠಿಗಳಿಗೂ ತೋರಿಸಿ, ಸರಿಯೆನಿಸಿದ ಮೇಲೆ ವಿಶ್ವಕೋಶದ ಲೇಖನಗಳ ಸಾಲಿಗೆ ಸಾಗಿಸಬಹುದು. ಸಾಗಿಸಿದ ಮೇಲೆ ಅದು ಅವರೊಬ್ಬರದೇ ಆಗಿ ಉಳಿಯುವುದಿಲ್ಲ. ಮರುದಿನ ನೋಡಿದರೆ ಯಾರೋ ಒಂದು ವಾಕ್ಯ ಕತ್ತರಿಸಿರುತ್ತಾರೆ, ಇನ್ಯಾರೋ ‘ಆಧಾರ ಬೇಕು’ ಎಂದು ಗುರುತು ಹಾಕಿರುತ್ತಾರೆ. ಮೊದಲ ಸಲ ಇದು ನೋಯಿಸುತ್ತದೆ. ಕೆಲವರು ಸಿಟ್ಟಾಗಿ ಅಳಿಸಿದ್ದನ್ನು ಹಾಗೆಯೇ ಮರಳಿ ಹಾಕುತ್ತಾರೆ. ‘ಚರ್ಚೆ’ ಪುಟಕ್ಕೆ ಹೋಗಿ ಏಕೆ ತೆಗೆದಿರಿ ಎಂದು ಕೇಳುವುದು, ಉತ್ತರ ಬಂದರೆ ಒಪ್ಪುವುದು ಅಥವಾ ಆಧಾರ ತೋರಿಸಿ ವಾದಿಸುವುದು ಕಲಿತ ಮೇಲೆ ಬರುವ ವರ್ತನೆ. ಎಲ್ಲರಿಗೂ ಸಂಬಂಧಿಸಿದ ಮಾತುಗಳಿಗೆ ಕನ್ನಡ ವಿಕಿಪೀಡಿಯದಲ್ಲಿ ‘ಅರಳಿಕಟ್ಟೆ’ ಎಂಬ ಜಾಗವೇ ಇದೆ.

ವಿಕಿಪೀಡಿಯದಲ್ಲಿ ಗುರುಶಿಷ್ಯ ಸಂಬಂಧವೂ ಬೇರೆ ರೂಪ ತಾಳುತ್ತದೆ. ಅಧ್ಯಾಪಕರು ಬರೆದ ಪುಟದಲ್ಲೂ ‘ಸರ್, ಇಲ್ಲಿ ಇಸವಿ ತಪ್ಪಿದೆ’ ಎಂದು ವಿದ್ಯಾರ್ಥಿ ಆಧಾರಸಮೇತ ಬರೆಯಬಹುದು. ನಮ್ಮ ತರಗತಿಗಳಲ್ಲಿ ಬಾಯಿ ಬಿಡದ ಎಷ್ಟೋ ಮಕ್ಕಳಿಗೆ ಹಾಗೆ ಬರೆಯಲು ಧೈರ್ಯ ಬೇಕು. ಅದನ್ನು ಸಂತೋಷದಿಂದ ಒಪ್ಪಿಕೊಳ್ಳುವ ಅಧ್ಯಾಪಕರು ಇದ್ದಲ್ಲಿ ಈ ಕೆಲಸ ಬೆಳೆಯುತ್ತದೆ.

ಎಲ್ಲ ಕಡೆ ಬೆಳೆದಿಲ್ಲ ಎಂಬುದನ್ನೂ ಹೇಳಬೇಕು. 2011ರಲ್ಲಿ ಪುಣೆಯ ಕೆಲವು ಕಾಲೇಜುಗಳ ನೂರಾರು ವಿದ್ಯಾರ್ಥಿಗಳನ್ನು ಒಮ್ಮೆಲೇ ಇಂಗ್ಲಿಷ್ ವಿಕಿಪೀಡಿಯಕ್ಕೆ ಬರೆಯಲು ಹಚ್ಚಲಾಯಿತು. ಪುಸ್ತಕಗಳಿಂದ, ಜಾಲತಾಣಗಳಿಂದ ಎತ್ತಿದ ಪಠ್ಯ ಪ್ರವಾಹದಂತೆ ಬಂತು. ಅದನ್ನು ಹುಡುಕಿ ತೆಗೆಯುವುದರಲ್ಲಿ ಅಲ್ಲಿನ ಸ್ವಯಂಸೇವಕರು ಬಸವಳಿದರು. ಅದೇ ವರ್ಷ ಆ ಯೋಜನೆ ನಿಂತಿತು. ಹೇಗೆ ಬರೆಯಬೇಕೆಂದು ಹೇಳಿಕೊಡುವವರು ಕಡಿಮೆ, ಬರೆಯಲೇಬೇಕಾದವರು ಹೆಚ್ಚು ಎಂಬ ಸ್ಥಿತಿಯಲ್ಲಿ ಬೇರೆ ಏನಾಗಲು ಸಾಧ್ಯ? ಆಂತರಿಕ ಅಂಕಕ್ಕೆ ಇಷ್ಟು ಬೈಟ್ ಬರೆಯಬೇಕು ಎಂಬ ಅಳತೆಗೋಲೂ ಅಪಾಯಕಾರಿ. ಯೂನಿಕೋಡ್ ಕನ್ನಡದಲ್ಲಿ ‘ಸ್ತ್ರೀ’ ಎಂಬ ಒಂದೇ ಅಕ್ಷರ ಹದಿನೆಂಟು ಬೈಟ್ ಹಿಡಿಯುತ್ತದೆ. ಉದ್ದ ಅಳೆದು ಅಂಕ ಕೊಟ್ಟರೆ ಬರುವುದು ಉದ್ದ ಮಾತ್ರ. ಪ್ರತಿ ಪುಟದ ‘ಇತಿಹಾಸ’ದಲ್ಲಿ ಯಾರು, ಯಾವ ಗಳಿಗೆಯಲ್ಲಿ, ಏನನ್ನು ಬದಲಿಸಿದರು ಎಂಬುದೆಲ್ಲ ದಾಖಲಾಗಿರುತ್ತದೆ. ಅಧ್ಯಾಪಕರು ಅದನ್ನು ಸಾಲುಸಾಲಾಗಿ ಓದಿ ಅಂಕ ಕೊಡಬೇಕು. ಅದಕ್ಕೆ ತಕ್ಕ ಬಿಡುವನ್ನು ಕಾಲೇಜು ಅವರಿಗೆ ಕೊಡಬೇಕು.

ಚೆನ್ನಾಗಿ ಕೂಡಿಬರುವ ಕೆಲಸಗಳೂ ಇವೆ. ಮೈಸೂರು ವಿಶ್ವವಿದ್ಯಾನಿಲಯದ 14 ಸಂಪುಟಗಳ ಕನ್ನಡ ವಿಶ್ವಕೋಶ ಹಲವು ತಲೆಮಾರಿನ ವಿದ್ವಾಂಸರ ಶ್ರಮದ ಫಲ. ವಿಶ್ವವಿದ್ಯಾನಿಲಯ 2014ರಲ್ಲಿ ಅದನ್ನು ಮುಕ್ತ ಪರವಾನಗಿಗೆ ಒಪ್ಪಿಸಿತು. ಅದರ ಬರಹಗಳನ್ನು ವಿಕಿಪೀಡಿಯಕ್ಕೆ ತರುವುದೆಂದರೆ ಬರಿಯ ನಕಲು ಅಲ್ಲ. ಉಡುಪಿ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಅದಕ್ಕೂ ಮೊದಲು ಅಚ್ಚಾದ ಸಂಪುಟದಲ್ಲಿ ಉಡುಪಿ ದಕ್ಷಿಣ ಕನ್ನಡಕ್ಕೆ ಸೇರಿದ ಊರು. ಗದಗ, ಹಾವೇರಿ ಆಗ ಧಾರವಾಡ ಜಿಲ್ಲೆಯಲ್ಲಿದ್ದವು. ಹಿರಿಯರ ಅಚ್ಚುಕಟ್ಟಾದ ಗದ್ಯವನ್ನು ಕೆಡಿಸದೆ ಸಂಗತಿಗಳನ್ನು ಇಂದಿಗೆ ತರಬೇಕು. ವಾಕ್ಯವಾಕ್ಯವನ್ನೂ ನಿಂತು ಓದದೆ ಇದು ಸಾಧ್ಯವಿಲ್ಲ.

ಕರಾವಳಿಯಲ್ಲಿ ಇನ್ನೊಂದು ಬಗೆಯ ಫಲ ಸಿಕ್ಕಿತು. ಹೊಸ ಭಾಷೆಗಳ ವಿಕಿಪೀಡಿಯಗಳು ಬಲಿಯುವ ‘ಪೋಷಣಾಗಾರ’ದಲ್ಲಿ ವರ್ಷಗಟ್ಟಲೆ ಇದ್ದ ತುಳು ವಿಕಿಪೀಡಿಯ 2016ರ ಆಗಸ್ಟ್‌ನಲ್ಲಿ ಸ್ವತಂತ್ರ ವಿಶ್ವಕೋಶವಾಯಿತು. ಅದರ ಲಿಪಿ ಕನ್ನಡ. ಮನೆಯಲ್ಲಿ ತುಳು ಆಡಿ, ತರಗತಿಯಲ್ಲಿ ಕನ್ನಡ ಓದುವ ವಿದ್ಯಾರ್ಥಿಗಳಿಗೆ ತಾಯಿನುಡಿಯಲ್ಲಿ ಗಂಭೀರ ಗದ್ಯ ಬರೆಯಲು ಒಂದು ಜಾಗ ಸಿಕ್ಕಿತು.

ಸೆಮಿಸ್ಟರ್ ಮುಗಿದ ಮೇಲೆ ಹೆಚ್ಚಿನವರು ಮರಳಿ ಬರುವುದಿಲ್ಲ. ಉಳಿಯುವ ಕೆಲವರಿಗೆ, ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳನ್ನು ಇಡಿಯಾಗಿ ಸೇರಿಸಿಡುವ ವಿಕಿಸೋರ್ಸ್‌ನಲ್ಲಿ ಕೈತುಂಬ ಕೆಲಸವಿದೆ. ಲೇಖಕರು ತೀರಿಕೊಂಡು 60 ವರ್ಷ ಕಳೆದ ಮೇಲೆ ಅವರ ಕೃತಿಗಳ ಹಕ್ಕುಸ್ವಾಮ್ಯ ಮುಗಿಯುತ್ತದೆ. 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕವನವನ್ನು ಇಡಿಯಾಗಿ ಹಾಕಲು 2041 ಕಳೆಯುವವರೆಗೆ ಕಾಯಬೇಕು. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ, 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀ. ಅವರ ಬರಹಗಳಿಗೆ ಆ ತಡೆಯಿಲ್ಲ. 1963ರಲ್ಲಿ ತೀರಿಕೊಂಡ ಮಂಜೇಶ್ವರ ಗೋವಿಂದ ಪೈ ಅವರ ಕೃತಿಗಳು 2024ರ ಜನವರಿಯಿಂದ ಈ ಸಾಲಿಗೆ ಸೇರಿವೆ. ಪುಸ್ತಕ ಸ್ಕ್ಯಾನ್ ಮಾಡಿ ಏರಿಸಿದ ಮೇಲೆ ಒಬ್ಬರು ಪುಟವನ್ನು ಮೂಲದೊಂದಿಗೆ ಹೋಲಿಸಿ ಕರಡು ತಿದ್ದುತ್ತಾರೆ. ಪುಟದ ಗುರುತು ಹಳದಿಯಾಗುತ್ತದೆ. ಅದನ್ನು ಹಸಿರಾಗಿಸಲು ತಿದ್ದಿದವರಿಗೆ ಅವಕಾಶವಿಲ್ಲ. ಎರಡನೆಯವರೊಬ್ಬರು ಬಂದು ಮತ್ತೊಮ್ಮೆ ಅಕ್ಷರ ಅಕ್ಷರ ನೋಡಬೇಕು.